ಬೂಷ್ಟಯ್ಯನ ಮಣ್ಣು

"ಅವ್ವಾ, ಈ ಬೇರಿಗೆಲ್ಲ ಬೂಷ್ಟು ಹತ್ತೈತೆ. ಕಿತ್ತು ಅತ್ಲಾಗೆ ಎಸೆದ್ಬುಡ್ಲಾ?"

ಸೊಂಟದಾಳದ ಗುಂಡಿಯಲ್ಲಿ ನಿಂತು ಆಳು ಪಾಲಪ್ಪ ಒಂದು ಹಿಡಿ ಬೇರು ಮೇಲೆತ್ತಿದ. ಬೇರಿನ ತುಂಬ ಬಿಳಿ ನೂಲು ಸುತ್ತಿಕೊಂಡಿತ್ತು.

"ಎಸೀಬ್ಯಾಡ! ಅಲ್ಲೇ ಮಣ್ಣು ಮುಚ್ಚು," ಎಂದು ಬಸವಮ್ಮ ಕೂಗಿದಳು. ಗಂಡನ ಹೆಣ ಜಗುಲಿಯ ಮೇಲೆ ಕೂತಿರುವಾಗ ಹೆಂಡತಿಯಾದವಳು ಬೇರಿನ ಚಿಂತೆ ಮಾಡುವುದುಂಟೇ! ಪಾಲಪ್ಪ ಅವಳ ಮುಖವನ್ನೇ ನೋಡಿ, ಹೇಳಿದಂತೆ ಮಾಡಿದ.

ಆ ಬೂಷ್ಟನ್ನು ನಂಬಿಯೇ ಅವಳ ಗಂಡ ರೇಣುಕಯ್ಯ ಬದುಕಿದ್ದು. ಬೆಂಗಳೂರಿನಲ್ಲಿ ಓದಿ, ಸರ್ಕಾರದ ಕೆಲಸ ಹಿಡಿದು, ಭೂತಗನ್ನಡಿಯಲ್ಲಿ ಬೇರು ನೋಡಿ ನೋಡಿ ಕಣ್ಣು ಕೆಡಿಸಿಕೊಂಡ. ಗಿಡ ಈ ಬೂಷ್ಟಿಗೆ ಅನ್ನ ಕೊಡುತ್ತದೆ, ಇದು ಗಿಡಕ್ಕೆ ನೀರು, ಸಾರ ತಂದುಕೊಡುತ್ತದೆ, ಒಂದನ್ನು ಬಿಟ್ಟು ಇನ್ನೊಂದಿಲ್ಲ ಎನ್ನುತ್ತಿದ್ದ. ಕೇಳಿದವರು ನಕ್ಕರು. ಅವನೂರು ಮಿಡಿಗೇಶಿಯವರಂತೂ ಬೂಷ್ಟಯ್ಯ ಎಂದೇ ಹೆಸರಿಟ್ಟುಬಿಟ್ಟರು. ಅವನ ಕೆಲಸದಲ್ಲಿ ಈಗ ಜೀವ ಹಿಡಿದಿದ್ದದ್ದು ಮನೆಯ ಹಿಂದಿನ ಇಳಿಜಾರು ಹೊಲದ ಈ ಒಂದು ಸರ್ವೆ ಮರದ ಸಾಲು ಮಾತ್ರ. ಮಳೆಗಾಲಕ್ಕೆ ಬೆಂಗಳೂರಿನ ವಿಜ್ಞಾನಿಯೊಬ್ಬರು ಇದನ್ನು ನೋಡಲು ಬರುವವರಿದ್ದರು. ಅಷ್ಟರಲ್ಲಿ ಜ್ವರ ಬಂತು.

"ನನ್ನ ಗಿಡದ ಬುಡದಲ್ಲೇ ಇಡಿ. ಬೂಷ್ಟು ನನ್ನನ್ನೂ ಉಣ್ಣಲಿ," ಎಂದು ಎಲ್ಲರೆದುರು ನಗುತ್ತ ಹೇಳಿದ್ದ. ಎಲ್ಲವನ್ನೂ ಯೋಚಿಸುವ ಮನುಷ್ಯ, ಮಣ್ಣು ಮಾಡುವಾಗ ಗುಂಡಿಗೆ ಉಪ್ಪು ಸುರಿಯುತ್ತಾರೆಂಬುದನ್ನು ಮರೆತೇಬಿಟ್ಟ. ಕಡಲ ದಂಡೆಯ ಸರ್ವೆ ಉಪ್ಪು ತಾಳೀತು, ಆದರೆ ಉಪ್ಪು ತಾಗಿದರೆ ಈ ನೂಲು ಉಳಿಯುವುದಿಲ್ಲ; ನೂಲು ಹೋದರೆ ಈ ಗಿಡವೂ ಹೋಯಿತು. ಗುಂಡಿ ಸಾಲಿನ ಮೇಲ್ತುದಿಯಲ್ಲಿದೆ. ಮೊದಲ ಮಳೆಗೇ ಉಪ್ಪು ಕೆಳಗಿಳಿದು ಸಾಲಿಗೆ ಸಾಲೇ ಒಣಗುತ್ತದೆ. ಅದು ಗೊತ್ತಿದ್ದವಳು ಬಸವಮ್ಮ ಒಬ್ಬಳೇ.

*

ಬಹಳ ಹಿಂದೆ ಸರ್ಕಾರದ ತೋಟವೊಂದಕ್ಕೆ ರೇಣುಕಯ್ಯ ಸಸಿ ಕಳಿಸಿದ್ದ. ಹಳೇ ಸರ್ವೆ ಮರದ ಬುಡದ ಮಣ್ಣು ತಂದು, ಬೂಷ್ಟು ಹತ್ತಿಸಿ, ಮಕ್ಕಳಿಲ್ಲದವನು ಮಕ್ಕಳಂತೆ ಸಾಕಿದ ಸಸಿಗಳು. ಹಿಂದೆಯೇ ನೋಡಲು ಹೋದರೆ ತೋಟದ ಮಾಲಿಗಳು ಹೆಮ್ಮೆಯಿಂದ ಎದುರು ಬಂದರು.

"ಬೇರಿನ ತುಂಬ ಏನ್ ಗಲೀಜು ಸ್ವಾಮಿ! ಸುಣ್ಣದ ನೀರಲ್ಲಿ ಉಜ್ಜಿ ಉಜ್ಜಿ ತೊಳೆದು ನೆಟ್ಟಿದೀವಿ."

ಸಸಿಗಳು ಒಂದೊಂದಾಗಿ ಒಣಗಿದವು. ಬೂಷ್ಟಿನಿಂದಲೇ ಸತ್ತವು ಎಂದು ಮೇಲಿನವರು ತೀರ್ಮಾನಿಸಿ ಅವನ ಕೆಲಸ ನಿಲ್ಲಿಸಿದರು. ಅವನು ಮನೆಗೆ ಬಂದು ಗೋಡೆಯ ಕಡೆ ತಿರುಗಿ ಮಲಗಿದ.

"ಯಾರನ್ನ ಬಯ್ಯಲಿ ಬಸವಿ? ಒಳ್ಳೇದಾಗ್ಲಿ ಅಂತಾನೇ ತೊಳೆದಿದಾರೆ."

*

ಮಧುಗಿರಿಗೆ ಉಪ್ಪು ತರಲು ಹೋಗಿದ್ದ ಮೈದುನ ನಾಗಲಿಂಗಯ್ಯ ಬರಿಗೈಯಲ್ಲಿ ವಾಪಸಾದ.

"ಒಂದಂಗ್ಡೀಲೂ ಉಪ್ಪಿಲ್ಲ ಅತ್ಗೆ. ಕೇಳಿದ್ರೆ ಯುದ್ಧ ಅಂತಾರೆ. ಕಾಲು ಹಿಡ್ಕಂಡ್ರೂ ಕೊಡ್ಲಿಲ್ಲ. ದಿಕ್ಕಿಲ್ದೋನ್ ಹಂಗೆ ಅಣ್ಣನ್ನ ಮಣ್ಣಿಗಿಡಬೇಕಲ್ಲ!" ಎಂದು ಅಳತೊಡಗಿದ.

"ಇಲ್ದಿದ್ರೆ ಬುಡಪ್ಪ. ಉಪ್ಪು ಬಿದ್ರೆ ನಿಮ್ಮಣ್ಣನ ಗಿಡ ಸಾಯ್ತವೆ."

"ಗಿಡ ಗಿಡ ಅಂತ ಅವನು ಹೋದ. ಈಗ ನೀವು ಶುರು ಹಚ್ಕಂಡ್ರಾ? ನರಿ ಬಂದು ಕೆದಕಿದ್ರೆ ಏನ್ ಮಾಡ್ತೀರಿ?"

ಬಸವಮ್ಮ ತಲೆ ತಗ್ಗಿಸಿದಳು. ಆದರೂ ಉಪ್ಪು ಸಿಕ್ಕಿಲ್ಲವಲ್ಲ! ಎದೆ ಹಗುರಾಯಿತು. ಗಂಡ ಸತ್ತ ದಿನ ನೆಮ್ಮದಿಯೇನೇ ನಿನಗೆ ಎಂದು ತನ್ನನ್ನೇ ಬೈದುಕೊಂಡಳು.

ರೇಣುಕಯ್ಯನನ್ನು ಗುಂಡಿಗಿಳಿಸಿ ಕೂರಿಸಿದರು. ಅಯ್ನೋರು ಮಂತ್ರ ಹೇಳಿ ವಿಭೂತಿ, ಬಿಲ್ವಪತ್ರೆ ಹಾಕಿದರು. ಪಾಲಪ್ಪ ಗುದ್ದಲಿ ಎತ್ತಿಕೊಂಡ.

"ತಡೀರಿ, ಮಣ್ಣೆಳೀಬ್ಯಾಡ್ರಿ!"

ಪಕ್ಕದ ಮನೆಯ ಮುದುಕಿ ಹನುಮಕ್ಕ ಏದುಸಿರು ಬಿಡುತ್ತ ಬಂದಳು. ಅವಳ ಹಿಂದೆ ಊರ ಹೆಂಗಸರು. ಕೆಲವರ ಕೈಯಲ್ಲಿ ಕುಡಿಕೆ, ಕೆಲವರ ಸೆರಗಿನಲ್ಲಿ ಗಂಟು. ಈ ಹೊಲಕ್ಕೆ ಇಷ್ಟು ಜನ ಎಂದೂ ಬಂದಿರಲಿಲ್ಲ.

"ಉಪ್ಪು ಸಿಗ್ಲಿಲ್ವಂತೆ. ಅದಕ್ಕೇ ಮನೆ ಮನೆ ತಿರುಗ್ದೆ," ಎಂದಳು ಹನುಮಕ್ಕ. "ಬೂಷ್ಟಯ್ಯ ಅಂತ ಬಾಯ್ತುಂಬ ಆಡ್ಕಂಡಿದ್ವಿ ಕಣವ್ವ. ಇವತ್ತು ಮನೇಲಿ ಸಪ್ಪೆ ಉಂಡ್ರೂ ಚಿಂತಿಲ್ಲ."

"ಬ್ಯಾಡ ಹನುಮಕ್ಕ, ಬ್ಯಾಡ..." ಬಸವಮ್ಮ ಕುಡಿಕೆಗೆ ಕೈ ಅಡ್ಡ ಹಿಡಿದಳು.

"ಬ್ಯಾಡ ಅನ್ನಬ್ಯಾಡ ಕಣ್ ತಾಯಿ. ನಾವೇನು ಹೊರಗಿನೋರಾ?"

ಹನುಮಕ್ಕ ಕುಡಿಕೆ ಬಗ್ಗಿಸಿದಳು. ಆಮೇಲೆ ಒಬ್ಬೊಬ್ಬರಾಗಿ ಬಂದು ಸುರಿದು, ಕಣ್ಣೊರೆಸಿಕೊಂಡು ಸರಿದು ನಿಂತರು. ಯಾರನ್ನು ತಡೆಯುವುದು? ನಾಗಲಿಂಗಯ್ಯ ಬಂದವರಿಗೆಲ್ಲ ಕೈಮುಗಿಯುತ್ತಿದ್ದ.

ಕಡೆಗೆ ಎಳೇ ಬಾಣಂತಿಯೊಬ್ಬಳು ನಾಚುತ್ತ ಸೆರಗಿನ ಗಂಟು ಬಿಚ್ಚಿದಳು. "ಇಷ್ಟೇ ಇತ್ತು ಕಣಕ್ಕ," ಎಂದು ಗುಂಡಿಗೆ ಕೊಡವಿದಳು. ನಾಲ್ಕು ಹರಳು ಅಂಚಿನ ಬೇರುಗಳ ಮೇಲೆ ಬಿದ್ದವು. ವ್ಯರ್ಥವಾಗದಿರಲೆಂದು ಅವಳು ಬಗ್ಗಿ, ಒದ್ದೆ ಬೇರಿಗೆ ಅಂಟಿದ್ದ ಆ ಹರಳುಗಳನ್ನು ಬೆರಳಿನಿಂದ ಒಂದೊಂದಾಗಿ ಬಿಡಿಸಿ ಒಳಕ್ಕೆ ಹಾಕಿದಳು.

ಬಸವಮ್ಮನೂ ಅವಳಿಗೆ ಕೈಮುಗಿದಳು.