ಮುದುಕರ ರೆಕಾರ್ಡು

"ಹದಿನಾಲ್ಕು ಸಾವಿರ. ಬಿಡಿಕಾಸೂ ಇಳಿಸಲ್ಲ ಅಂತಾನೆ ವ್ಯಾಪಾರಿ," ಎಂದು ಮೇಷ್ಟ್ರು ಕನ್ನಡಕವನ್ನು ಹಣೆಗೇರಿಸಿದರು.

ಕಾಲರಕ್ಕ ಎಂದಿನಂತೆ ಆ ಮೊತ್ತವನ್ನು ಮನಸ್ಸಿನಲ್ಲೇ ಕಾಲರುಗಳಿಗೆ ಇಳಿಸಿಕೊಂಡಳು. ಅವಳು ಕೆಲಸ ಮಾಡುವ ಅಂಗಿ ಕಾರ್ಖಾನೆಯಲ್ಲಿ ಒಂದು ಕಾಲರು ಕೂರಿಸಿದರೆ ನಾಲ್ಕು ರೂಪಾಯಿ ಸಿಗುತ್ತಿತ್ತು. ಅಂದರೆ ಮೂರೂವರೆ ಸಾವಿರ ಕಾಲರು. ಮೂರು ರೆಕಾರ್ಡುಗಳ ಒಂದು ಪೆಟ್ಟಿಗೆಗೆ ಅಷ್ಟು. ಅದೂ ಅವರ ಕಪಾಟಿನಲ್ಲಿ ಆಗಲೇ ಇರುವ ಪೆಟ್ಟಿಗೆ.

"ಇರೋದನ್ನೇ ಮತ್ತೆ ಯಾಕೆ ಕೊಳ್ಳೋದು ಮೇಷ್ಟ್ರೇ? ಅದೇ ಹಾಡು, ಅದೇ ಚಪ್ಪಾಳೆ."

"ನಮ್ಮದು ಆಮೇಲೆ ಅಚ್ಚು ಹಾಕಿದ್ದಮ್ಮ. ಇದು ಮೊದಲನೇ ಅಚ್ಚು. ಮೊದಲ ಲೈವ್ ಆಲ್ಬಮ್, ಮೊದಲ ಅಚ್ಚು," ಎಂದರು ಮೇಷ್ಟ್ರು. ಮೂವತ್ತು ವರ್ಷ ಗಣಿತ ಕಲಿಸಿದ ಅವರು ಅದನ್ನೂ ಸೂತ್ರದಂತೆಯೇ ಹೇಳಿದರು.

ಅವಳ ತಮ್ಮನ ರೇಡಿಯೊ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ಈ ನಾಲ್ವರು ಸೇರುವುದು ಹತ್ತೊಂಬತ್ತು ವರ್ಷಗಳಿಂದ ನಡೆದುಬಂದಿತ್ತು. ಮೇಷ್ಟ್ರು, ಪೋಸ್ಟ್‌ಮ್ಯಾನ್, ತಮ್ಮ ಮತ್ತು ಇವಳು. ಕೇಳುವುದು ಒಂದೇ ತಂಡದ ಪ್ರೊಗ್ರೆಸಿವ್ ರಾಕ್: ಐದು ಜನರ ತಂಡ, ಒಂದೊಂದು ಹಾಡೂ ಊಟ ಮುಗಿಸಿ ಕೈ ತೊಳೆಯುವಷ್ಟು ಉದ್ದ. ತಂಡ ಸಂಗೀತ ಕಚೇರಿಗಳಲ್ಲಿ ನುಡಿಸಿದ್ದನ್ನು ಧ್ವನಿಮುದ್ರಿಸಿದ ಲೈವ್ ಆಲ್ಬಮ್‌ಗಳೆಂದರೆ ನಾಲ್ವರಿಗೂ ಪ್ರಾಣ, ಯಾವುದು ಮೇಲು ಎನ್ನುವುದರಲ್ಲಿ ಮಾತ್ರ ಒಬ್ಬರಿಗೊಬ್ಬರು ಆಗುತ್ತಿರಲಿಲ್ಲ.

"ನನ್ನ ಕೇಳಿದ್ರೆ ಎರಡನೇದೇ ಸರಿ," ಎಂದ ಪೋಸ್ಟ್‌ಮ್ಯಾನ್. "ಮೊದಲನೇದರಲ್ಲಿ ಆರ್ಗನ್ ಶುರು ಆದ್ರೆ ನಾನು ಒಂದು ಬೀದಿ ಕಾಗದ ಹಂಚಿ ಬರಬಹುದು."

"ಎರಡನೇದಾ? ಮೈಕು ಎಲ್ಲಿಟ್ಟಿದ್ರೋ ಏನೋ, ಡ್ರಮ್ಮು ಪಕ್ಕದ ಊರಲ್ಲಿ ಬಾರಿಸಿದ ಹಾಗಿದೆ," ಎಂದ ತಮ್ಮ.

"ಕಿತ್ತಾಡಬೇಡಿ. ಎರಡೂ ಆ ಐದು ವರ್ಷದವೇ," ಎಂದು ಮೇಷ್ಟ್ರು ತೀರ್ಪು ಕೊಟ್ಟರು. ಆ ಐದು ವರ್ಷವೇ ತಂಡದ ಸುವರ್ಣಕಾಲ, ಆಮೇಲಿನದೆಲ್ಲ ಹೊಟ್ಟೆಪಾಡು ಎನ್ನುವುದು ಅವರ ಸಿದ್ಧಾಂತ. "ಈಗ ವಿಷಯಕ್ಕೆ ಬರೋಣ. ನಮ್ಮ ಡಬ್ಬಿಯಲ್ಲಿ ಎಂಟೂವರೆ ಸಾವಿರ ಇದೆ. ಆಮೇಲಿನ ಕಾಲದ ಹನ್ನೊಂದು ಆಲ್ಬಮ್ ಕೊಟ್ಟರೆ ಉಳಿದದ್ದನ್ನು ವಜಾ ಮಾಡ್ಕೋತೀನಿ ಅಂದಿದ್ದಾನೆ ವ್ಯಾಪಾರಿ. ಒಂದಕ್ಕೆ ಐನೂರು."

ಹನ್ನೊಂದನೆಯದು ಯಾವುದೆಂದು ಯಾರೂ ಹೇಳಬೇಕಾಗಿರಲಿಲ್ಲ. ಕಪಾಟಿನ ಬಲತುದಿಯಲ್ಲಿ, ಬೂದು ಹೊದಿಕೆಯ ಒಂದೇ ರೆಕಾರ್ಡು. ತಂಡ ಕೊನೆಯ ಸಲ ವೇದಿಕೆ ಹತ್ತಿದಾಗಿನದು. ಹಾಡುಗಾರನಿಗೆ ಅಷ್ಟು ಹೊತ್ತಿಗೆ ಅರವತ್ತೆರಡು. ಸ್ವರವನ್ನು ಎರಡು ಮೆಟ್ಟಿಲು ಇಳಿಸಿ ಹಾಡಿದ್ದ. ಮೊದಲ ಲೈವ್ ಆಲ್ಬಮ್ಮಿನಲ್ಲಿ ಇಪ್ಪತ್ತಮೂರು ನಿಮಿಷ ಇದ್ದ ದೊಡ್ಡ ಹಾಡು ಇದರಲ್ಲಿ ಇಪ್ಪತ್ತೇಳು ನಿಮಿಷ. ಕೋಣೆಯಲ್ಲಿ ಅದಕ್ಕೆ ಮುದುಕರ ರೆಕಾರ್ಡು ಎಂದೇ ಹೆಸರು.

"ಅದನ್ನು ಕೊಡೋದು ಬೇಡ," ಎಂದಳು ಕಾಲರಕ್ಕ.

"ಅದರಲ್ಲೇನಿದೆ ಅಕ್ಕ? ಪಾಪ, ಏದುಸಿರು ಬಿಡ್ತಾರೆ," ಎಂದ ಪೋಸ್ಟ್‌ಮ್ಯಾನ್.

"ಏದುಸಿರು ಎಲ್ಲಿ ಬಿಡಬೇಕು ಅಂತ ಗೊತ್ತಿದೆ ಅವರಿಗೆ. ಮೈ ಬದಲಾದ ಮೇಲೆ ಅಂಗಿ ಬಿಚ್ಚಿ ಹೊಲೀಬೇಕಪ್ಪ. ಹಳೇ ಅಳತೆಗೇ ತುರುಕಿದ್ರೆ ಹೊಲಿಗೆ ಬಿಡತ್ತೆ. ಇವರು ಎಲ್ಲೆಲ್ಲಿ ಬಿಚ್ಚಿದ್ದಾರೆ, ಎಲ್ಲೆಲ್ಲಿ ಸಡಿಲ ಕೊಟ್ಟಿದ್ದಾರೆ ಅಂತ ಕೇಳಿ ನೋಡಿ. ಒಂದು ಕಡೆ ಸುಕ್ಕು ತೋರಿಸಿ."

ತಮ್ಮ ಬೆಸುಗೆ ಕಡ್ಡಿಯನ್ನು ಒರೆಸುತ್ತ ನಕ್ಕ. "ನಿನಗೆ ಅವರ ಪರ ಮಾತಾಡದೆ ಗತಿಯಿಲ್ಲ ಬಿಡಕ್ಕ. ನಾಳೆಯಿಂದ ನಿನ್ನನ್ನೂ ಗುಂಡಿ ಟೇಬಲ್ಲಿಗೆ ಹಾಕ್ತಿದಾರಲ್ಲ."

ಪೋಸ್ಟ್‌ಮ್ಯಾನ್ ಚಹಾ ಲೋಟವನ್ನು ಕೆಳಗಿಟ್ಟ. ಆ ವಿಷಯವನ್ನು ಅವಳು ಹೇಳಿದ್ದು ತಮ್ಮನಿಗೊಬ್ಬನಿಗೇ. ದಿನಕ್ಕೆ ಮುನ್ನೂರು ಕಾಲರು ಕೂರಿಸುತ್ತಿದ್ದವಳು ಮಣಿಕಟ್ಟು ಮುರಿದು ಕೂಡಿದ ಮೇಲೆ ಇನ್ನೂರು ದಾಟುವುದು ಕಷ್ಟವಾಗಿತ್ತು. ಶನಿವಾರ ಸೂಪರ್‌ವೈಸರ್ ಬಂದು, ಸೋಮವಾರದಿಂದ ಗುಂಡಿ ಎಣಿಸಿ ಕವರಿಗೆ ಹಾಕುವ ಟೇಬಲ್ಲಿಗೆ ಹೋಗಿ ಎಂದು ಮೆತ್ತಗೇ ಹೇಳಿದ್ದ. ಅಲ್ಲಿ ಕೂರುವವರಿಗೆ ಹೊಲಿಗೆ ಯಂತ್ರ ಇರುವುದಿಲ್ಲ.

ಅವಳು ತಮ್ಮನನ್ನು ನೋಡಿದಳು. ಅವನು ಕಡ್ಡಿಯನ್ನೇ ಒರೆಸುತ್ತಿದ್ದ.

"ಸರಿ. ಬೆನ್ನು ಹಾಕಿ ಕೂತ್ಕೊಳ್ಳಿ," ಎಂದಳು.

ಅದು ಆ ಕೋಣೆಯ ಹಳೆಯ ಪದ್ಧತಿ. ಜಗಳ ಬಗೆಹರಿಯದಿದ್ದರೆ ಒಬ್ಬರು ರೆಕಾರ್ಡು ಹಾಕುತ್ತಿದ್ದರು, ಉಳಿದವರು ಗೋಡೆಗೆ ಮುಖ ಮಾಡಿ ಕೂತು ಯಾವ ಆಲ್ಬಮ್ ಎಂದು ಹೇಳಬೇಕಿತ್ತು. ಮೇಷ್ಟ್ರು ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಸೋತಿರಲಿಲ್ಲ. ಅವರೇ ಮೊದಲು ಕುರ್ಚಿ ತಿರುಗಿಸಿದರು.

ಅವಳು ರೆಕಾರ್ಡು ತೆಗೆದು ಪ್ಲೇಯರಿನ ಮೇಲಿಟ್ಟಳು. ದೊಡ್ಡ ಹಾಡಿನ ನಡುಭಾಗ, ಹಾಡುಗಾರ ಸುಮ್ಮನಿದ್ದು ಆರ್ಗನ್ ಒಳಗೆ ಬರುವ ಜಾಗ, ಅವಳಿಗೆ ಕಣ್ಣು ಮುಚ್ಚಿದರೂ ಸಿಗುತ್ತಿತ್ತು. ಸೂಜಿ ಇಳಿಯಿತು. ಡ್ರಮ್ಮು ಏಳರ ಎಣಿಕೆಯಲ್ಲಿ ನಡೆದಿತ್ತು: ನಾಲ್ಕು, ಆಮೇಲೆ ಮೂರು. ಆರ್ಗನ್ ಅರ್ಧ ಎಣಿಕೆ ತಡವಾಗಿ ಬಂತು. ಡ್ರಮ್ಮಿನವನು ಒಂದು ಹೊಡೆತ ಹೆಚ್ಚಿಗೆ ಹಾಕಿ ಅದನ್ನು ಮುಚ್ಚಿದ.

ಎಲ್ಲೋ ಒಂದು ಕಡೆ ರೆಕಾರ್ಡಿನ ಗೀರು ಟಕ್ ಎಂದಿತು. ತಮ್ಮನ ಕುತ್ತಿಗೆ ಸ್ವಲ್ಪ ನೆಟ್ಟಗಾದದ್ದು ಅವಳಿಗೆ ಕಂಡಿತು.

"ಇದರಲ್ಲಿ ಹೇಳೋದೇನಿದೆ?" ಎಂದರು ಮೇಷ್ಟ್ರು ಗೋಡೆಗೆ. "ನಿಮ್ಮ ಮುದುಕರದ್ದೇ. ಆಮೆ ನಡಿಗೆ. ಆರ್ಗನ್ ಎಲ್ಲಿ ಬರಬೇಕು ಅಂತಾನೇ ಮರೆತುಹೋಗಿದೆ. ಬೆರಳು ನಡುಗ್ತಿದೆಯಮ್ಮ, ಕೇಳೋಕೇ ಸಂಕಟ."

"ಹೌದಕ್ಕ, ಮುದುಕರೇ," ಎಂದ ಪೋಸ್ಟ್‌ಮ್ಯಾನ್.

"ತಿರುಗಿ."

ಬೂದು ಹೊದಿಕೆ ಕಪಾಟಿನಿಂದ ಅಲುಗಿಯೇ ಇರಲಿಲ್ಲ. ಪ್ಲೇಯರ್ ಮೇಲೆ ತಿರುಗುತ್ತಿದ್ದದ್ದು ಗೀರು ಬಿದ್ದಿದ್ದ ಅವರ ಮೊದಲ ಲೈವ್ ಆಲ್ಬಮ್. ಪ್ಲೇಯರಿನ ಪಕ್ಕದಲ್ಲಿ ವೇಗ ಹೆಚ್ಚುಕಡಿಮೆ ಮಾಡುವ ಪುಟ್ಟ ಹಿಡಿ ಕೆಳತುದಿಗೆ ಇಳಿದಿತ್ತು.

ಮೇಷ್ಟ್ರ ಮುಖ ಕೆಂಪಾಯಿತು. "ಇದು ಮೋಸ."

"ಮೋಸವೇ. ವೇಗ ಇಳಿಸಿದ್ದು ನಾನು. ಆದರೆ ಆರ್ಗನ್ ತಡ ಆಗಿದ್ದು ನನ್ನಿಂದಲ್ವಲ್ಲ. ಆ ತಪ್ಪು ನಿಮ್ಮ ಸುವರ್ಣಕಾಲದಿಂದಲೂ ಅಲ್ಲೇ ಕೂತಿದೆ, ಹತ್ತೊಂಬತ್ತು ವರ್ಷ ನಿಮ್ಮ ಕಿವಿಗೆ ಬಿದ್ದಿರಲಿಲ್ಲ. ನಿಧಾನ ಆದ ತಕ್ಷಣ ಬಿತ್ತು."

"ಅದು ತಪ್ಪಲ್ಲ. ಆ ವಯಸ್ಸಿನ ಹುಮ್ಮಸ್ಸು. ಧೈರ್ಯ ಅದು."

"ಹುಡುಗರು ತಪ್ಪಿದ್ರೆ ಧೈರ್ಯ, ಮುದುಕರು ತಪ್ಪಿದ್ರೆ ನಡುಕ. ಮಾರ್ಕು ಹೀಗೇ ಹಾಕ್ತಿದ್ರಾ ಮೇಷ್ಟ್ರೇ, ಹುಡುಗರ ಮುಖ ನೋಡಿ?"

ಪೋಸ್ಟ್‌ಮ್ಯಾನ್‌ಗೆ ನಗು ತಡೆಯಲಾಗಲಿಲ್ಲ. ಮೇಷ್ಟ್ರು ಅವನತ್ತ ನೋಡಿದ ಮೇಲೆ ತಡೆದುಕೊಂಡ. "ಕೈ ಎತ್ತಿ. ಹನ್ನೊಂದೂ ಕೊಡೋದು ಅನ್ನೋರು," ಎಂದರು ಮೇಷ್ಟ್ರು, ತಾವೇ ಮೊದಲು ಕೈ ಎತ್ತಿ. ಪೋಸ್ಟ್‌ಮ್ಯಾನ್ ಎತ್ತಿದ. ತಮ್ಮ ತಡೆದು, ಬೆಸುಗೆ ಕಡ್ಡಿ ಹಿಡಿದ ಕೈಯನ್ನೇ ಭುಜದವರೆಗೆ ಎತ್ತಿದ.

"ಗೀರು ಕೇಳಿಸ್ತು ಅಲ್ವೇನೋ ನಿನಗೆ?" ಎಂದಳು ಅವಳು.

"ಕೇಳಿಸ್ತು."

"ಆದ್ರೂ?"

"ಮೊದಲನೇ ಅಚ್ಚು ಅಕ್ಕ. ಜೀವಮಾನದಲ್ಲಿ ಒಂದು ಸಲ ಕೈಗೆ ಸಿಗೋದು."

ಅವಳು ಪರ್ಸಿನಿಂದ ಐನೂರು ತೆಗೆದು ಮೇಜಿನ ಮೇಲಿಟ್ಟಳು. ನೂರಿಪ್ಪತ್ತೈದು ಕಾಲರು. ಕಪಾಟಿನ ಬಲತುದಿಯಿಂದ ಬೂದು ಹೊದಿಕೆಯ ರೆಕಾರ್ಡನ್ನು ಎಳೆದು ಸೆರಗಿನಿಂದ ಅಂಚು ಒರೆಸಿ ಕಂಕುಳಲ್ಲಿ ಇಟ್ಟುಕೊಂಡಳು.

"ವ್ಯಾಪಾರಿಗೆ ಕೊಡೋ ಬೆಲೆಯೇ. ಲೆಕ್ಕ ಸರಿಹೋಯ್ತಲ್ಲ?"

"ಇಷ್ಟಕ್ಕೆಲ್ಲ ಕೋಪ ಮಾಡ್ಕೋಬಾರದಮ್ಮ," ಎಂದರು ಮೇಷ್ಟ್ರು. "ಭಾನುವಾರ ಬನ್ನಿ. ಪೆಟ್ಟಿಗೆ ಬಂದಿರತ್ತೆ."

"ನಿಮ್ಮ ಪೆಟ್ಟಿಗೆ ನೀವು ಕೇಳಿ ಮೇಷ್ಟ್ರೇ. ಗೀರು ಇರಲ್ಲ. ಆರ್ಗನ್ ಮಾತ್ರ ಅಲ್ಲೂ ತಡವಾಗೇ ಬರತ್ತೆ."

ಬಾಗಿಲು ದಾಟುವಾಗ ತಮ್ಮ ಹಿಂದಿನಿಂದ ಕೂಗಿದ: "ಅಕ್ಕ, ನಿನ್ನ ಮನೇಲಿ ಪ್ಲೇಯರೇ ಇಲ್ವಲ್ಲ. ಎಲ್ಲಿ ಹಾಕ್ತೀಯ?"

"ನನಗೆ ಬಾಯಿಪಾಠ ಆಗಿದೆ ಕಣೋ," ಎಂದಳು, ತಿರುಗಿ ನೋಡದೆ.

ಸೋಮವಾರ ಬೆಳಿಗ್ಗೆ ಗುಂಡಿ ಟೇಬಲ್ಲಿನ ಬಳಿ ಅವಳಿಗಾಗಿ ಒಂದು ಸ್ಟೂಲು ಹಾಕಿದ್ದರು. ಅವಳು ಅದನ್ನು ದಾಟಿ ಹೋಗಿ, ತನ್ನ ಯಂತ್ರದ ಹೊದಿಕೆ ತೆಗೆದು, ನೂಲು ಪೋಣಿಸಿದಳು. ಸೂಪರ್‌ವೈಸರ್ ಬಂದು ಪಕ್ಕದಲ್ಲಿ ನಿಂತ.

"ನಿಮಗೆ ಹೇಳಿದ್ದೆ ಅಲ್ವಾ ಅಕ್ಕ?"

"ಹೇಳಿದ್ರಿ. ತುಂಡಿಗಿಷ್ಟು ಅಂತ ತಾನೆ ಸಂಬಳ? ಕಡಿಮೆ ಹೊಲಿದ್ರೆ ಕಡಿಮೆ ಕೊಡಿ. ಸಂಜೆ ಬಂದು ಒಂದೊಂದನ್ನೂ ಮಗುಚಿ ನೋಡಿ. ಒಂದು ಸುಕ್ಕು ಸಿಕ್ಕಿದ್ರೂ ನಾಳೆ ನಾನೇ ಸ್ಟೂಲ್ ಮೇಲೆ ಕೂತಿರ್ತೀನಿ."

ಅವನು ಇನ್ನೂ ಏನೋ ಹೇಳುವವನಿದ್ದ. ಅವಳು ಪೆಡಲ್ ಒತ್ತಿದಳು. ಮಣಿಕಟ್ಟು ನೋಯುವ ಕಡೆ ಬಟ್ಟೆಯನ್ನು ಎಳೆಯದೆ, ತಾನಾಗಿ ತಿರುಗಲು ಬಿಟ್ಟಳು. ಕಾಲರಿನ ಅರ್ಧ ಸುತ್ತಿಗೆ ನಾಲ್ಕು ಎಣಿಕೆ, ಅಲ್ಲೊಂದು ಉಸಿರು, ಉಳಿದರ್ಧಕ್ಕೆ ಮೂರು.

ಸಂಜೆ ಸೂಪರ್‌ವೈಸರ್ ಕೂತು ಒಂದೊಂದನ್ನೂ ಮಗುಚಿ ಎಣಿಸಿದ. ಇನ್ನೂರ ಹತ್ತು. ಮೊದಲಿನದಕ್ಕಿಂತ ತೊಂಬತ್ತು ಕಡಿಮೆ. ಒಂದೂ ವಾಪಸ್ ಬರಲಿಲ್ಲ.