ಎರಡು ಕೋರ್ಸಿಗೆ ಒಂದೇ ಹೂವು

ಮದುವೆಯಾದ ಮೊದಲ ಆಷಾಢಕ್ಕೆ ಕುಂಬಾರಕೊಪ್ಪಲಿನ ತವರಿಗೆ ಬಂದವಳು ನಾನು, ತೆಪ್ಪಗೆ ಹೂ ಕಟ್ಟಿಕೊಂಡು ಇರಬಹುದಿತ್ತು. ಇರಲಿಲ್ಲ. ಬಿ.ಕಾಂ.ನಲ್ಲಿ ಅಕೌಂಟ್ಸ್‌ಗೆ ಎರಡು ಸಲ ಡುಮ್ಕಿ ಹೊಡೆದಿದ್ದೆ. ಆ ಸೇಡು ತೀರಿಸಿಕೊಳ್ಳಲು, ಬೆಂಗಳೂರಿನ ಕಾಲೇಜೊಂದು ಇಂಟರ್ನೆಟ್ಟಿನಲ್ಲಿ ನಡೆಸುವ ಅಕೌಂಟ್ಸ್ ಕೋರ್ಸಿಗೆ ಸೇರುತ್ತೇನೆಂದೆ. ಆಗ ಎರಡು ಸಾವಿರದ ಏಳನೇ ಇಸವಿ.

ಕೋರ್ಸಿನಲ್ಲಿ ಎರಡು ಬಗೆ. ಪಾಠ ಅದೇ, ಸರ್ಟಿಫಿಕೇಟೂ ಅದೇ. ಒಂದು ತಿಂಗಳಲ್ಲಿ ಮುಗಿಸುವುದು ಒಂದು, ನಾಲ್ಕು ತಿಂಗಳು ಎಳೆಯುವುದು ಇನ್ನೊಂದು. ಚಿಕ್ಕದಕ್ಕೆ ಸೇರಿದರೆ ದಿನಾ ಪಾಠ ನುಂಗಬೇಕು. ಫೋನ್ ತಂತಿಯಲ್ಲಿ ತೆವಳಿ ಬರುವ ನಮ್ಮ ಇಂಟರ್ನೆಟ್ಟಿನಲ್ಲಿ ಮೇಷ್ಟ್ರು ಒಮ್ಮೆ ಬಾಯಿ ತೆರೆದರೆ ಮುಚ್ಚುವಷ್ಟರಲ್ಲಿ ಅಮ್ಮನ ಹುರುಳಿ ಸಾರು ಕುದ್ದು ಇಳಿದಿರುತ್ತಿತ್ತು. ಮೂರನೇ ಸಲವೂ ಫೇಲಾದರೆ ಮುಖ ಎಲ್ಲಿಡಲಿ? ನನಗೆ ಉದ್ದದ್ದೇ ಬೇಕಿತ್ತು.

ಆದರೆ ಕಂಪ್ಯೂಟರ್ ಇದ್ದದ್ದು ತವರಲ್ಲಿ, ಗಂಡ ಅಮರೇಶ್ ಇದ್ದದ್ದು ಸರಸ್ವತಿಪುರಂನಲ್ಲಿ. ನಾಲ್ಕು ತಿಂಗಳು ಅವನನ್ನು ಬಿಟ್ಟಿರಲು ನನ್ನ ಕೈಲಿ ಆಗುತ್ತಲೇ ಇರಲಿಲ್ಲ. ಕಂಪ್ಯೂಟರ್ ಏನೋ ಅಪ್ಪ ನನಗೇ ಕೊಡಿಸಿದ್ದು. ಅಮ್ಮ ಅದಕ್ಕೆ ಕಸೂತಿ ಬಟ್ಟೆ ಹೊದಿಸಿ, ನೆತ್ತಿಯ ಮೇಲೆ ಗಣಪತಿ ಕೂರಿಸಿದ್ದರಿಂದ ಅದನ್ನು ಅಲುಗಿಸುವ ಮಾತು ಯಾರಿಗೂ ಹೊಳೆದಿರಲಿಲ್ಲ.

"ನಾಲ್ಕು ತಿಂಗಳದ್ದೇ ಕಣೇ. ನಿಧಾನಕ್ಕೆ ಬೆಂದಿದ್ದೇ ರುಚಿ" ಎಂದಳು ಅಮ್ಮ, ಪಾರ್ವತಮ್ಮ. ದಸರಾ ಮುಗಿಯುವವರೆಗೂ ಮಗಳು ಜೊತೆಗಿರುತ್ತಾಳೆಂಬುದು ಅವಳ ಲೆಕ್ಕಾಚಾರ.

ಮಾವ ಚನ್ನಬಸವಯ್ಯನವರು ಫೋನಿನಲ್ಲಿ ಗುಡುಗಿದರು. "ಒಂದ್ ತಿಂಗಳದ್ದು ಮುಗಿಸ್ಕೊಂಡು ಶ್ರಾವಣಕ್ಕೆ ಬಂದ್ಬುಡಮ್ಮ. ನಿಮ್ಮತ್ತೆ ಸಾರು ತಿಂದೂ ತಿಂದೂ ನನ್ನ ನಾಲಿಗೆ ಸತ್ತೋಯ್ತು."

ಜಗ್ಗಾಟ ಬಗೆಹರಿಯದೆ, ವೀರಭದ್ರಸ್ವಾಮಿ ಗುಡಿಯಲ್ಲಿ ಹೂ ಕೇಳುವುದೆಂದು ತೀರ್ಮಾನವಾಯಿತು. ದೇವರ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸಿ, ಬೇಕಾದದ್ದನ್ನು ಮನಸ್ಸಿನಲ್ಲೇ ಕೇಳಿಕೊಳ್ಳಬೇಕು. ಬಲಗಡೆಯದು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ಬಾಯಿಬಿಟ್ಟು ಹೇಳುವಂತಿಲ್ಲ. ಆ ಕಟ್ಟಳೆಯೇ ನಮ್ಮನ್ನು ಕೆಡಿಸಿತು.

ಸೋಮವಾರ ಬೆಳಿಗ್ಗೆ ಎರಡೂ ಕಡೆಯವರು ಬಂದರು. ಅತ್ತೆ ದೇವಿರಮ್ಮ ಮಾತ್ರ ಒಳಗೆ ಬರಲಿಲ್ಲ. ಆಷಾಢದಲ್ಲಿ ಅತ್ತೆಯೂ ಹೊಸ ಸೊಸೆಯೂ ಒಂದೇ ಹೊಸಿಲು ದಾಟಬಾರದಲ್ಲ! ದೇವರ ಹೊಸಿಲಿಗೂ ಅದು ಅನ್ವಯಿಸುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಯಾಕೆ ಬೇಕೆಂದು ಅವರು ಜಿಟಿಜಿಟಿ ಮಳೆಯಲ್ಲಿ ಕೊಡೆ ಹಿಡಿದು ಹೊರಗೇ ನಿಂತು, ಗಳಿಗೆಗೊಮ್ಮೆ "ಬಿತ್ತಾ?" ಎಂದು ಕೂಗುತ್ತಿದ್ದರು.

ಅಮ್ಮ ಕಣ್ಣು ಮುಚ್ಚಿದಳು. ಮಾವನೂ ಮುಚ್ಚಿದರು. ಸ್ವಲ್ಪ ಹೊತ್ತಿಗೆ ಬಲಗಡೆಯ ಸೇವಂತಿಗೆ ತಪ್ಪನೆ ಬಿತ್ತು.

"ಆಯ್ತು!" ಎಂದು ಇಬ್ಬರೂ ಒಟ್ಟಿಗೇ ಕೂಗಿ, ಪರಸ್ಪರ ಕೈಮುಗಿದರು.

"ನೋಡಿದ್ರಾ ಬೀಗ್ರೇ, ನಾಲ್ಕು ತಿಂಗಳು!" ಎಂದಳು ಅಮ್ಮ.

"ಯಾವ ನಾಲ್ಕು? ನಾನು ಕೇಳ್ಕೊಂಡಿದ್ದು ಒಂದು ಕಣ್ರೀ!"

ಇಬ್ಬರೂ ತಮ್ಮ ತಮ್ಮ ಆಸೆಯನ್ನೇ ಕೇಳಿಕೊಂಡಿದ್ದರು. ದೇವರು ಇಬ್ಬರಿಗೂ ಹೂಂ ಅಂದುಬಿಟ್ಟಿದ್ದ. "ಇನ್ನೊಂದ್ಸಲ ಕೇಳೋ ಹಾಗಿಲ್ಲ" ಎಂದು ಅರ್ಚಕ ಸಿದ್ದಲಿಂಗಸ್ವಾಮಿಗಳು ಮಂಗಳಾರತಿ ತಟ್ಟೆ ಹಿಡಿದು ನುಣುಚಿಕೊಂಡರು. ಹಾಗಾದರೆ ಎರಡನ್ನೂ ಕೂಡಿಸಿ ಐದು ತಿಂಗಳು ಮಾಡೋಣ ಎಂದಳು ಅಮ್ಮ. ಮಾವ ಚೌಕಾಸಿ ಮಾಡಿ ಎರಡೂವರೆಗೆ ಇಳಿಸಿದರು. ಅಂಥ ಕೋರ್ಸೇ ಇರಲಿಲ್ಲ.

ನನಗೆ ಪಿತ್ತ ನೆತ್ತಿಗೇರಿತು. ಓದುವವಳು ನಾನು, ಫೇಲಾಗುವವಳೂ ನಾನು, ನಡುವೆ ಇವರದ್ದೇನು ಸಂತೆ ವ್ಯಾಪಾರ? ಸಿಟ್ಟಿನ ಜೊತೆ ಅಳುವೂ ಬಂತು.

"ಏನಾಯ್ತಮ್ಮ ನಿಶ್ಚಿತಾ?" ಎಂದು ಹೊರಗಿನಿಂದ ಅತ್ತೆಯ ಕೂಗು. ಹೊಸಿಲಿನ ಒಳಗೇ ನಿಂತು ಎಲ್ಲ ಹೇಳಿದೆ. ಅವರು ಕೊಡೆ ಓರೆ ಮಾಡಿ ನನ್ನ ಮುಖ ನೋಡಿದರು.

"ಅದ್ಸರಿ, ನಿಂಗೆ ಯಾವುದು ಬೇಕು?"

ಅಷ್ಟು ದಿನದಲ್ಲಿ ಈ ಮಾತು ಕೇಳಿದ್ದು ಅವರೊಬ್ಬರೇ. ಸೆರಗಿನಲ್ಲಿ ಕಣ್ಣೊರೆಸಿಕೊಂಡೆ.

"ನಾಲ್ಕು ತಿಂಗಳದ್ದು ಅತ್ತೆ. ಆದ್ರೆ ನಮ್ಮನೇಲಿ, ಸರಸ್ವತಿಪುರಂನಲ್ಲಿ."

"ಹಂಗಾದ್ರೆ ಶ್ರಾವಣಕ್ಕೆ ಬರೋವಾಗ ಆ ಗಣಪತಿನ ಕೆಳಗಿಳಿಸಿ ಕಂಪ್ಯೂಟ್ರೂ ಕಟ್ಕೊಂಡು ಬಾ. ಅದಕ್ಕೇನು ಆಷಾಢವಾ? ನಮ್ಮನೇಲೂ ಫೋನ್ ಐತಲ್ಲ. ನೀನು ಕೂತು ಓದ್ಕೊ. ನಾಲ್ಕು ತಿಂಗಳೂ ಸಾರು ನಾನೇ ಮಾಡ್ತೀನಿ."

ಒಳಗೆ ಮಾವ ಅರ್ಚಕರ ಹಿಂದೆ ಓಡುವುದು ಕೇಳಿಸಿತು. "ಸ್ವಾಮೀ, ದಮ್ಮಯ್ಯ ಅಂತೀನಿ, ಇನ್ನೊಂದೇ ಒಂದು ಹೂ ಅಂಟಿಸಿ!"