ಫಾರಂನಲ್ಲಿ ಬರೆದ ಪರವಾಗಿಲ್ಲ

ಬೇಸಿಗೆ ಮುಗಿಯುತ್ತ ಬಂದಿತ್ತು, ಬೆಳಗಿನ ಒಂಬತ್ತು ಗಂಟೆ. ಆಸ್ಪತ್ರೆಯ ಔಷಧಿ ಕಿಟಕಿಯ ಪಕ್ಕ ಜವಾನನಾದ ನಾನು ಕೂರುವಲ್ಲಿಗೆ ಹೊಸದೊಂದು ಮೇಜು ಬಂತು. ಅದರ ಮೇಲೆ ಒಂದು ಕಟ್ಟು ಫಾರಂ.

ಅದಕ್ಕೆ ಮೊದಲು ಫಾರಂ ಇರಲಿಲ್ಲ. ಕಿಟಕಿಯೊಳಗಿದ್ದವರನ್ನು ಎಲ್ಲರೂ ಮಾತ್ರೆ ಅಕ್ಕ ಎನ್ನುತ್ತಿದ್ದರು. ಚೀಟಿ ತಂದವರ ಮುಖ, ಕಾಲಿನ ಚಪ್ಪಲಿ ನೋಡಿ ಯಾರಿಗೆ ಪುಕ್ಕಟೆ ಕೊಡಬೇಕೆಂದು ಅವರೇ ತೀರ್ಮಾನಿಸುತ್ತಿದ್ದರು. ಬಡವರನ್ನು ನೋಡುವ ಆಸ್ಪತ್ರೆ ಎಂದು ಕಂಪನಿಗಳು ನಮಗೆ ಕಡಿಮೆ ಬೆಲೆಗೆ ಔಷಧಿ ಕೊಡತೊಡಗಿದ ಮೇಲೆ ಆಫೀಸಿನವರು ಕ್ರಮ ಬದಲಾಯಿಸಿದರು. ಅಗ್ಗಕ್ಕೆ ಬಂದದ್ದನ್ನು ಕೈಲಾದವರಿಗೆ ಪೂರ್ತಿ ಬೆಲೆಗೆ ಮಾರಬೇಕು, ಮಿಕ್ಕ ಹಣದಲ್ಲಿ ಧರ್ಮ ನಡೆಯಬೇಕು, ಯಾರಿಗೆ ಧರ್ಮ ಎನ್ನುವುದು ಕಾಗದದಲ್ಲಿರಬೇಕು. ಮಾತೇನೋ ಸರಿಯಾಗಿಯೇ ಇತ್ತು. ಮಿಕ್ಕಿದ್ದರಲ್ಲಿ ಹೊಸ ಕಟ್ಟಡದ ಮೆಟ್ಟಿಲಿಗೆ ನುಣುಪು ಕಲ್ಲು ಬಂತು. ಪುಕ್ಕಟೆ ಚೀಟಿ ಕಡಿಮೆಯಾಗುತ್ತ ಹೋಯಿತು.

ಸಂಸಾರ ಹೇಗೆ ನಡೆಯುತ್ತಿದೆ ಎಂದು ಕೇಳಿ, ಹೇಳಿದ್ದನ್ನು ಹಾಗೆಯೇ ಬರೆಯುವುದು ನನ್ನ ಕೆಲಸ. ನನಗೆ ಬರುತ್ತಿದ್ದ ಅಕ್ಷರ ಅಷ್ಟಕ್ಕೆ ಸಾಕಾಗಿತ್ತು.

ಮೊದಲ ವಾರದಲ್ಲೇ ನಮ್ಮ ಬೀದಿಯ ಇಸ್ತ್ರಿಯವನು ಹೆಂಡತಿಯನ್ನು ಕರೆದುಕೊಂಡು ಬಂದ. ಅವಳಿಗೆ ಹೃದಯದ ತೊಂದರೆ, ದಿನಕ್ಕೆ ಎರಡು ಮಾತ್ರೆ.

"ಏನಣ್ಣ, ಮೇಜು ಹಾಕ್ಕೊಂಡು ಸಾಹೇಬ್ರಾಗಿಬಿಟ್ರಿ" ಎಂದಳು.

"ನಿನ್ನ ಗಂಡ ಇಸ್ತ್ರಿ ಮಾಡಿದ ಅಂಗಿ ಕಣಮ್ಮ, ಅದಕ್ಕೇ ಹಾಗೆ ಕಾಣ್ತೀನಿ."

"ಕಾಲರ್ ಸುಟ್ಟಿದಾರೆ, ನೋಡ್ಕೊಂಡಿಲ್ವಾ?"

ಸಾಲಿನಲ್ಲಿದ್ದವರು ನಕ್ಕರು. ನಾನೂ ನಗುತ್ತಲೇ ಅವನನ್ನು ಕೇಳಿದೆ, "ಸಂಸಾರ ಹೇಗಪ್ಪಾ ನಡೀತಿದೆ?"

ಅವನು ಹಿಂದೆ ನಿಂತವರ ಕಡೆ ಒಮ್ಮೆ ನೋಡಿ, "ಪರವಾಗಿಲ್ಲ ಅಣ್ಣ" ಎಂದ.

ಯಾರು ಕೇಳಿದರೂ ನಾವೆಲ್ಲ ಹೇಳುವುದು ಅದನ್ನೇ, ಒಲೆ ಹತ್ತದ ದಿನವೂ ಅದನ್ನೇ. ಗೊತ್ತಿದ್ದೂ ಹಾಗೆಯೇ ಬರೆದೆ. ಆಫೀಸಿನ ಗುಮಾಸ್ತ ಅದನ್ನು ಕೈಲಾದವರ ಕಂತೆಗೆ ಸೇರಿಸಿದ.

ಮಾತ್ರೆ ಅಕ್ಕ ನನ್ನನ್ನು ಕಿಟಕಿಗೆ ಕರೆದರು. "ಏನ್ರೀ ಇದು, ಇವರಿಗೆ ಪೂರ್ತಿ ಬೆಲೆ ಅಂತ ಬಂದಿದೆ? ಅವರ ಮನೆ ಸ್ಥಿತಿ ನಿಮಗೆ ಗೊತ್ತಿಲ್ವಾ?"

"ಅವನೇ ಹೇಳಿದ್ದು, ಅಕ್ಕಾ."

"ಅವರು ಹೇಳ್ತಾರೆ. ನೀವು ಬರೀಬೇಕಾ?"

ತಿದ್ದಿಸಲು ಗುಮಾಸ್ತನ ಬಳಿ ಹೋದೆ. "ತಪಾಸಣೆಗೆ ಬಂದ್ರೆ ಹೊಡೆದು ಬರೆದಿರೋ ಫಾರಂ ತೋರಿಸೋಕಾಗುತ್ತಾ ಯಜಮಾನ್ರೇ? ಕೊಡೋಕಾಗಲ್ಲ ಅಂತ ಅವನೇ ಬಂದು ಅರ್ಜಿ ಕೊಡ್ಲಿ" ಎಂದ.

ಆ ಸಂಜೆ ಇಸ್ತ್ರಿ ಅಂಗಡಿಗೆ ಹೋಗಿ ಅಷ್ಟನ್ನೂ ಹೇಳಿದೆ. ಅವನು ಪೆಟ್ಟಿಗೆ ಕೆಳಗಿಡಲಿಲ್ಲ.

"ನಾಲ್ಕು ಜನರ ಮುಂದೆ ಹಾಗಂದೋನು ನಾಳೆ ಹೋಗಿ ಕೈಯೊಡ್ಡಲಾ? ಬಿಡಿ ಅಣ್ಣ, ಹೇಗೋ ಆಗುತ್ತೆ."

ಒತ್ತಾಯ ಮಾಡಬಹುದಿತ್ತು. ಒಳಗಿದ್ದ ಅವನ ಹೆಂಡತಿಗಾದರೂ ಹೇಳಬಹುದಿತ್ತು. ಅವನ ಮಾನ ಕಾಯುತ್ತಿದ್ದೇನೆ ಎಂದುಕೊಂಡು ಸುಮ್ಮನೆ ಎದ್ದು ಬಂದೆ.

ತಿಂಗಳಿಗೆಂದು ಒಯ್ದ ಮಾತ್ರೆ ಅವರಿಗೆ ಎರಡು ತಿಂಗಳು ಬರುತ್ತಿದೆ ಎಂದು ಮೊದಲು ಕಂಡುಕೊಂಡದ್ದು ಮಾತ್ರೆ ಅಕ್ಕ. ಗಂಡನಿಗೂ ತಿಳಿಸದೆ ಅವಳು ರಾತ್ರಿಯ ಮಾತ್ರೆ ಬಿಟ್ಟಿದ್ದಳು. ಗೊತ್ತಾಗುವ ಹೊತ್ತಿಗೆ ಕಾಲು ಊದಿ, ನಾಲ್ಕು ಹೆಜ್ಜೆಗೆ ಏದುಸಿರು ಬರುತ್ತಿತ್ತು. ಆಮೇಲೆ ಇಸ್ತ್ರಿಯವನು ಅರ್ಜಿ ಕೊಟ್ಟ. ಅದು ಮಂಜೂರಾಗಿ ನನ್ನ ಮೇಜಿಗೆ ಬಂದದ್ದು ಶನಿವಾರ.

ಅವಳು ತೀರಿಹೋದದ್ದು ಅದರ ಹಿಂದಿನ ಗುರುವಾರ. ಮಾತ್ರೆ ಅಕ್ಕ ಸೋಮವಾರ ಬೀಗದ ಕೈ ಒಪ್ಪಿಸಿ ಕೆಲಸ ಬಿಟ್ಟು ಹೋದರು.